ಡೇರಿ ಕಂಪ್ಯೂಟರಿನ ಬಾಯಿ ಮುಚ್ಚಿಸಿದ್ದು

ಒಳಗೆ ನಡೆಯುವುದೆಲ್ಲ ಹೊರಗೆ ಕಾಣಬಾರದು ಎನ್ನುವವರ ಪೈಕಿ ನಾನು. ಮನೆಗೆ ನೆಂಟರು ಬಂದರೆ ಅಡುಗೆಮನೆಯ ಬಾಗಿಲು ಎಳೆಯುವವನು ನಾನೇ. ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದು ಅವರಿಗೇಕೆ ಗೊತ್ತಾಗಬೇಕು? ನನ್ನ ಹೆಂಡತಿ ಈ ಗುಣಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದು ಇಲ್ಲಿ ಬೇಡ. ನಾನು ಮಾತ್ರ ಇದನ್ನು ಮರ್ಯಾದೆ ಎಂದೇ ತಿಳಿದುಕೊಂಡು, ಮಧುರೆ ಹೋಬಳಿಯ ನಮ್ಮೂರ ಹಾಲಿನ ಡೇರಿಗೆ ಸೆಕ್ರೆಟರಿಯಾದ ಮೇಲೂ ಹಾಗೇ ನಡೆದುಕೊಂಡು ಬಂದೆ.

ಡೇರಿಗೆ ಕಂಪ್ಯೂಟರ್ ಬಂದಾಗ ನನಗೆ ಕಷ್ಟವಾದದ್ದು ಅದರ ಬಾಯಿ. ಬೆಳಿಗ್ಗೆ ಆನ್ ಮಾಡಿದರೆ ಸಾಕು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಸರಸರನೆ ಹರಿಯುತ್ತಿದ್ದವು. ಅದರೊಳಗೆ ಸರ್ವೀಸ್ ಮ್ಯಾನೇಜರ್ ಎಂಬುದೊಂದು ಇದೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾರಿಗಾಗಿ ಯಾರು ಕಾಯಬೇಕು ಎಂದು ಮದುವೆಮನೆಯ ಯಜಮಾನನ ಹಾಗೆ ಓಡಾಡುವುದು ಅದೇ. ಓಡಾಡಲಿ, ಬೇಡವೆಂದವರಾರು? ಮಾಡಿದ್ದನ್ನೆಲ್ಲ ಹೇಳಿಕೊಳ್ಳಬೇಕೆ? ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು ದಿನಾ ಗಾಬರಿಯಾಗಿ, "ಏನ್ ಸೆಕ್ರೆಟ್ರಿ, ಕೆಟ್ಟೋಯ್ತಾ?" ಎಂದು ಕೇಳುವರು. ಕಂಪ್ಯೂಟರ್ ಕೂಡಿಸಿಕೊಟ್ಟ ದೊಡ್ಡಬಳ್ಳಾಪುರದ ಬಾಷಾ ಅವರನ್ನು ಕರೆಸಿ, ಇದರ ಬಾಯಿ ಮುಚ್ಚಿಸಿ ಎಂದೆ. ಅವರು, ಕಂಪ್ಯೂಟರ್ ಶುರುವಾಗುವ ಮುಂಚೆ ಓದಿಕೊಳ್ಳುವ ಅಪ್ಪಣೆಯ ಒಂದು ಸಾಲಿನಲ್ಲಿ ‘ಕ್ವಯಟ್’ ಎಂಬ ಒಂದು ಪದ ಸೇರಿಸಿದರು. ಅಂದಿನಿಂದ ಪರದೆಯ ಮೇಲೆ ಒಂದು ಹಸುವಿನ ಚಿತ್ರ ಮಾತ್ರ. ಅದು ಹೋಗುತ್ತಲೇ ಕೆಲಸ ಶುರು. "ಬೇಕಾದ್ರೆ ಆ ಪದ ಅಳಿಸಿ, ‘ಡೀಬಗ್’ ಅಂತ ಬರೀರಿ, ಹೊಟ್ಟೇಲಿರೋದೆಲ್ಲ ಕಕ್ಕುತ್ತೆ" ಎಂದು ಆ ವಿದ್ಯೆಯನ್ನೂ ಹೇಳಿಕೊಟ್ಟು ಹೋದರು. ನಮಗೇಕೆ ಬೇಕಾದೀತು ಎಂದುಕೊಂಡೆ.

ಅರ್ಧ ವಿದ್ಯೆ ಕಲಿತವನಿಗೆ ಕೈ ಸುಮ್ಮನಿರುವುದಿಲ್ಲ. ನನ್ನ ಮಗಳ ಮದುವೆಯ ವಿಡಿಯೋ ಒಂದು ಪೆನ್‌ಡ್ರೈವಿನಲ್ಲಿತ್ತು. ಡೇರಿಯ ಪರದೆ ದೊಡ್ಡದು. ಹಾಲು ಅಳೆಯುವುದು ಮುಗಿದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಧಾರೆಯ ಭಾಗವನ್ನಷ್ಟೇ ನೋಡಿ, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದೆ. ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟಿರುತ್ತಿದ್ದೆ, ಆದರೆ ಆನ್ ಮಾಡಿದಾಗ ಅದು ಎಚ್ಚರವಾಗುವುದು ಸ್ವಲ್ಪ ನಿಧಾನ. ಅದಕ್ಕಾಗಿ, ಶುರುವಾಗುವಾಗ ಏನೇನು ಜೊತೆಗೆ ಸೇರಿಸಿಕೊಳ್ಳಬೇಕು ಎಂಬ ಕಂಪ್ಯೂಟರಿನ ಪಟ್ಟಿಯಲ್ಲಿ ನಾನೇ ಬರೆದೆ: ಇದು ಬರದೆ ಮುಂದಕ್ಕೆ ಹೋಗಬೇಡ. ಎಷ್ಟು ಹೊತ್ತು ಕಾಯಬೇಕು ಎಂಬ ಪ್ರಶ್ನೆ ಬಂತು. ಸಾಮಾನ್ಯವಾಗಿ ಒಂದೂವರೆ ನಿಮಿಷವಂತೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಬೀಗರು ಬಂದು ಕೂರದೆ ಮೊದಲ ಪಂಕ್ತಿಗೆ ಎಲೆ ಹಾಕುವುದುಂಟೇ? ಬೀಗರಿಗೆ ಯಾರಾದರೂ ಒಂದೂವರೆ ನಿಮಿಷ ಗಡುವು ಕೊಡುತ್ತಾರೆಯೇ? ಮಿತಿ ಇಲ್ಲ ಎಂದು ಬರೆದೆ.

ಒಂದು ಭಾನುವಾರ ಸಾಯಂಕಾಲ ಡೇರಿ ಮುಚ್ಚುವ ಹೊತ್ತಿಗೆ ಜಡಿಗೇನಹಳ್ಳಿಯಿಂದ ಬೀಗರೇ ಬಂದು ವಿಡಿಯೋ ಕೇಳಿದರು. ಪೆನ್‌ಡ್ರೈವ್ ಕಿತ್ತು ಕೊಟ್ಟು ಕಳಿಸಿದೆ. ಸೋಮವಾರ ಬೆಳಿಗ್ಗೆ ಆನ್ ಮಾಡಿದರೆ ಹಸು ಬಂತು. ಬಂದದ್ದು ಹೋಗಲಿಲ್ಲ.

ಆರೂವರೆ ಆಯಿತು, ಏಳಾಯಿತು. ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ ಎರಡಕ್ಕೂ ಕಂಪ್ಯೂಟರೇ ಗತಿ. ಚೀಟಿ ಬರದೆ ಯಾರೂ ಹಾಲು ಸುರಿಯುವುದಿಲ್ಲ. ಏಳೂವರೆಗೆ ಹಾಲಿನ ಲಾರಿ ಬಂದು ಹೊರಟುಬಿಟ್ಟರೆ ಬೇಸಿಗೆಯ ಬಿಸಿಲಿಗೆ ನಲವತ್ತು ಮನೆಯ ಹಾಲು ಒಡೆದು ಮೋರಿಗೆ ಹೋಗುತ್ತದೆ. ಆದರೂ ನನ್ನ ಬಾಯಿ ತನ್ನ ಹಳೇ ಅಭ್ಯಾಸ ಬಿಡಲಿಲ್ಲ. ಮೊದಲು ವೋಲ್ಟೇಜಿನ ತಪ್ಪು ಎಂದೆ. ಯಾರೂ ನಂಬಲಿಲ್ಲ. ಆಗ ನಮ್ಮ ಹಾಲಿನ ಟೆಸ್ಟರ್ ಸರೋಜಮ್ಮನ ಕಡೆ ತಿರುಗಿ, "ನಿನ್ನೆ ಸಾಯಂಕಾಲ ನೀವೇ ಸ್ವಿಚ್ ಸರಿಯಾಗಿ ಆಫ್ ಮಾಡ್ಲಿಲ್ಲ. ಎಷ್ಟ್ ಸಲ ಹೇಳೋದು ನಿಮ್ಗೆ?" ಎಂದು ಎಲ್ಲರಿಗೂ ಕೇಳುವ ಹಾಗೆ ಗದರಿದೆ.

ಸರೋಜಮ್ಮ ಮುಖ ಕೆಂಪಗೆ ಮಾಡಿಕೊಂಡರು. ಆಮೇಲೆ ಮೆಲ್ಲಗೆ, "ಅದೇನ್ ಹೇಳುತ್ತೋ ಕೇಳೋಣ ಸಾರ್. ಆ ಹಸುನ ತೆಗೀರಿ" ಎಂದರು.

ಬೇರೆ ದಾರಿ ಇರಲಿಲ್ಲ. ಮತ್ತೆ ಆನ್ ಮಾಡಿ, ‘ಕ್ವಯಟ್’ ಅಳಿಸಿ, ‘ಡೀಬಗ್’ ಎಂದು ಬರೆದೆ. ಸಾಲುಗಳು ಧಾರಾಕಾರವಾಗಿ ಹರಿದವು. ಕೊನೆಗೆ ಒಂದೇ ಸಾಲು ಉಳಿದು ಮಿಣುಕತೊಡಗಿತು. ರಿಟೈರಾದ ಬಸ್ ಕಂಡಕ್ಟರ್ ನಂಜೇಗೌಡರು ಕ್ಯಾನು ಕೆಳಗಿಟ್ಟು, ಕನ್ನಡಕ ಏರಿಸಿ, ಸ್ಟಾಪಿನ ಹೆಸರು ಕೂಗುವ ದನಿಯಲ್ಲೇ ಓದಿ ಹೇಳಿದರು: "ಮಗಳ ಮದುವೆಗೆ ಕಾಯ್ತಾ ಐತಂತೆ ಕಣ್ರಪ್ಪಾ! ಎರಡು ನಿಮಿಷ ಆಯ್ತಂತೆ. ಮಿತಿ ಇಲ್ವಂತೆ!"

ಪೆನ್‌ಡ್ರೈವಿಗೆ ಆ ಹೆಸರು ಇಟ್ಟವನು ನಾನೇ. ಎಲ್ಲರೂ ಡೇರಿಯ ತಗಡು ಅದುರುವ ಹಾಗೆ ನಕ್ಕರು. "ಮದ್ವೆ ಆಗಿ ಎರಡ್ ತಿಂಗ್ಳಾಯ್ತಲ್ಲ ಸೆಕ್ರೆಟ್ರಿ, ಇದಕ್ಕೆ ಪತ್ರಿಕೆ ಕೊಟ್ಟಿರ್ಲಿಲ್ವಾ?" ಎಂದು ಯಾರೋ ಹಿಂದಿನಿಂದ ಕೇಳಿದರು. ಬಾಷಾ ಅವರಿಗೆ ಫೋನ್ ಮಾಡಿದೆ. ಅವರು ನಕ್ಕು ಮುಗಿಸಿ, ‘ಡೀಬಗ್’ ಬರೆದ ಅದೇ ಸಾಲಿನಲ್ಲಿ ಆ ಒಂದು ಕೆಲಸವನ್ನು ಈ ಸಲಕ್ಕೆ ಬಿಟ್ಟುಬಿಡು ಎಂದು ಬರೆಯುವುದು ಹೇಗೆಂದು ಒಂದೊಂದೇ ಅಕ್ಷರ ಹೇಳಿದರು. ಮತ್ತೆ ಆನ್ ಮಾಡಿ ಹಾಗೇ ಬರೆದ ಅರ್ಧ ನಿಮಿಷಕ್ಕೆ ಕಂಪ್ಯೂಟರ್ ಎದ್ದಿತು. ಲಾರಿಯ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಕಾದ. ಬೈದುಕೊಂಡೇ ಕೊನೆಯ ಕ್ಯಾನನ್ನೂ ಹತ್ತಿಸಿಕೊಂಡ. ಒಂದು ಲೋಟ ಹಾಲೂ ಹಾಳಾಗಲಿಲ್ಲ.

ಹಾಲು ಉಳಿಯಿತು, ಆದರೆ ಸರೋಜಮ್ಮನ ಮುಖ ನೋಡಲು ನನಗೆ ನಿಜಕ್ಕೂ ನಾಚಿಕೆಯಾಯಿತು. ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತಿದ್ದ ಅವರ ಹತ್ತಿರ ಹೋಗಿ, "ತಪ್ಪಾಯ್ತು ಸರೋಜಮ್ಮ" ಎಂದು ಪಿಸುಗುಟ್ಟಿದೆ.

ಅವರು ತಲೆ ಎತ್ತಲಿಲ್ಲ. "ಬೈದಿದ್ದು ಎಲ್ಲಾರ್ ಮುಂದೆ. ಇದ್ ಮಾತ್ರ ಗುಟ್ಟಾಗಾ ಸಾರ್?" ಎಂದರು.

ಅವರು ಕೇಳಿದ್ದರಲ್ಲಿ ನ್ಯಾಯವಿತ್ತು. ಮಾರನೆಯ ದಿನ ಬೆಳಿಗ್ಗೆ ನಲವತ್ತು ಕ್ಯಾನುಗಳ ಮುಂದೆ ನಿಂತು, ಕೈಮುಗಿದು, ನಿನ್ನೆಯ ತಪ್ಪು ನನ್ನದು, ಸರೋಜಮ್ಮನದಲ್ಲ ಎಂದು ಹೇಳಿದೆ. ಹೇಳಿ, ಮುಗಿಯಿತಲ್ಲ ಎಂದು ಕೂರಲು ಹೊರಟಿದ್ದೆ.

"ಏನಪ್ಪಾ ಸೆಕ್ರೆಟ್ರಿ," ಎಂದರು ನಂಜೇಗೌಡರು, "ಹಿಂದ್ಗಡೆಯವ್ರಿಗೆ ಕೇಳಿಸ್ಲಿಲ್ವಂತೆ. ಇನ್ನೊಂದ್ ಸಲ ಹೇಳು."