ದನದ ಪ್ರದರ್ಶನವೂ ಬಿಸಿಲಿನ ಬಂದೋಬಸ್ತೂ

ಬಿಸಿಲಿನಿಂದ ಮೈ ಉಳಿಸಿಕೊಳ್ಳಲು ಹೊರಟ ಮನುಷ್ಯ ಏನಾದರೊಂದು ಪಜೀತಿ ಮಾಡಿಕೊಳ್ಳದೆ ಮನೆಗೆ ಮರಳಿದ್ದನ್ನು ನಾನಂತೂ ಕಂಡಿಲ್ಲ. ಕಾಣುವ ಅವಕಾಶ ನನಗೆ ಬೇಕಾದಷ್ಟಿತ್ತು. ಶಿಗ್ಗಾವಿಯ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದೆ. ಎರಡನೇ ಮಹಾಯುದ್ಧದ ಹಿಂದೆ ಮುಂದೆ ಒಂದಷ್ಟು ವರ್ಷ, ಬೇಸಿಗೆ ಬಂತೆಂದರೆ ನಮ್ಮ ಕಡೆ ಮೂರು ದಿನದ ದನಗಳ ಪ್ರದರ್ಶನ ನಡೆಯುತ್ತಿತ್ತು. ಒಂದು ವರ್ಷ ಒಂದು ತಾಲೂಕು, ಮರುವರ್ಷ ಇನ್ನೊಂದು. ಎಲ್ಲಿ ನಡೆದರೂ ಔಷಧದ ಪೆಟ್ಟಿಗೆ ಹೊತ್ತುಕೊಂಡು ಹೋಗುವವನು ನಾನೇ.

ಸುಗ್ಗಿ ಮುಗಿದ ಬಯಲು ಹೊಲ. ಕಣ್ಣು ಹಾಯಿಸಿದಷ್ಟು ದೂರ ಒಂದು ಗಿಡವಿಲ್ಲ. ನೆಲ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತಿತ್ತು. ನಾನು ಮರಳುಗಾಡನ್ನು ನೋಡಿದವನಲ್ಲ. ಆದರೆ ಯುದ್ಧದಲ್ಲಿ ಈಜಿಪ್ಟಿನ ಮರಳುಗಾಡು ಕಂಡು, ರಜೆಗೆ ಬಂದಿದ್ದ ಒಬ್ಬ ಸಿಪಾಯಿ ನನ್ನ ಡೇರೆಗೆ ಬಂದು ತಲೆ ಮೇಲೆ ನೀರು ಸುರಿದುಕೊಂಡು ಹೇಳಿದ: "ಅಲ್ಲಿ ಇಷ್ಟು ತ್ರಾಸ ಇದ್ದಿದ್ದಿಲ್ಲ ಬಿಡ್ರಿ. ಅಲ್ಲಿ ಒಂಟಿಗಳಾದ್ರೂ ಇರ್ತಿದ್ವು, ಅವುಗಳ ನೆರಳಿಗೆ ಕುಂಡ್ರತಿದ್ವಿ."

ಗುಲಾಬಿ ಎತ್ತು

ಬಂಕಾಪುರದ ಹೊರಗೆ ಪ್ರದರ್ಶನ ನಡೆದ ವರ್ಷ. ಬಿಸಿಲಿಗೆ ಸುಟ್ಟ ಚರ್ಮಕ್ಕೆ ಹಚ್ಚಲೆಂದು ನಮ್ಮ ಡಾಕ್ಟರರು ಗುಲಾಬಿ ಬಣ್ಣದ ಒಂದು ಔಷಧ ಕಲಸಿ ಕೊಟ್ಟಿದ್ದರು. ಹಚ್ಚಿದರೆ ತಂಪು. ಒಣಗಿದ ಮೇಲೆ ಮಾತ್ರ ಮನುಷ್ಯ ಹೊಸದಾಗಿ ಬಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತಿದ್ದ.

ಹತ್ತಿಮತ್ತೂರಿನ ಒಬ್ಬ ರೈತ ಬೆಳಗಿನಿಂದ ಮೂರು ಸಲ ಬಂದ. ಮೊದಲ ಸಲ "ಎಲ್ಲಿ ಸುಟ್ಟೈತಿ?" ಎಂದೆ. "ಬೆನ್ನು ರೀ" ಎಂದ. ಒಂದು ಬಟ್ಟಲು ಕೊಟ್ಟೆ. ಎರಡನೇ ಸಲ ಪಕ್ಕೆ ಮುಟ್ಟಿ ತೋರಿಸಿ "ಪಕ್ಕಡಿ ರೀ" ಎಂದ. ಕೊಟ್ಟೆ. ಮೂರನೇ ಸಲ ಅವಸರದಲ್ಲಿ ಬಾಯಿ ತಪ್ಪಿ "ಬಾಲದ ಬುಡಕ ರೀ" ಅಂದುಬಿಟ್ಟ.

ಎದ್ದು ಅವನ ಹಿಂದೆ ಹೋದೆ. ಬೆಳ್ಳಿಯಂತಹ ಬಿಳಿ ಎತ್ತು, ಕೊರಳಿನಿಂದ ಬಾಲದವರೆಗೆ ಗುಲಾಬಿಯಾಗಿ ನಿಂತಿತ್ತು.

"ಏನ್ ಮಾಡೀಯೋ ಮಾರಾಯಾ?" ಎಂದೆ.

"ನನ್ನ ಚರ್ಮ ಯಾರು ನೋಡ್ತಾರ್ರಿ? ನಾಳೆ ಬಹುಮಾನ ಕೊಡೂದು ಇದರ ಚರ್ಮ ನೋಡಿ. ಎರಡು ವರ್ಷ ಮಗನಂಗ ಸಾಕೇನಿ. ಬಿಸಿಲಿಗೆ ಕಂದಿದ್ರ ಹೆಂಗ?"

ತೊಳೆಯೋಣ ಅನ್ನುವಷ್ಟರಲ್ಲಿ ದನದ ಡಾಕ್ಟರರ ಸವಾರಿ ಬಂತು. ಅವರು ಹತ್ತು ಹೆಜ್ಜೆ ದೂರದಲ್ಲೇ ನಿಂತು ಮೂಗಿಗೆ ವಸ್ತ್ರ ಹಿಡಿದರು. "ಇದು ಯಾವುದೋ ಹೊಸಾ ಬ್ಯಾನಿ! ಉಳಿದ ದನಕ್ಕೆಲ್ಲ ಹತ್ತೀತು! ಮೊದ್ಲ ಒಯ್ದು ಬ್ಯಾರೆ ಕಟ್ರಿ!" ನಾನು ಬಾಯಿ ತೆರೆಯುವುದರೊಳಗೆ ನಾಲ್ಕು ಮಂದಿ ಎತ್ತನ್ನು ಎಳೆದುಕೊಂಡು ಹೋದರು. ರೈತ ನೆಲದ ಮೇಲೆ ಕುಳಿತು ಗಳಗಳ ಅತ್ತ.

ಆದರೆ ಎತ್ತನ್ನು ಒಯ್ದು ಕಟ್ಟಿದ, ರೋಗದ ದನಗಳ ಆ ಚಪ್ಪರ, ಇಡೀ ಬಯಲಿನಲ್ಲಿ ದಪ್ಪ ಹುಲ್ಲು ಹೊದೆಸಿದ ಒಂದೇ ಒಂದು ಚಪ್ಪರ. ಒಳಗೆ ಹಸಿ ಮೇವು, ಕೊಳಗದ ತುಂಬ ನೀರು. ಸಂಜೆ ನಾನು ದನದ ಡಾಕ್ಟರರಿಗೆ ಇದ್ದದ್ದು ಹೇಳಿದೆ. ಅವರು ಬೈದು, ನಕ್ಕು, ಎತ್ತನ್ನು ತೊಳೆಸಿದರು. ಮರುದಿನ ಉಳಿದ ಎತ್ತುಗಳೆಲ್ಲ ಬಿಸಿಲಿಗೆ ಬಾಡಿ ನಾಲಿಗೆ ಚಾಚಿ ನಿಂತಿದ್ದರೆ, ಇದೊಂದು ಮಾತ್ರ ಮದುಮಗನ ಹಾಗೆ ಬಂತು. ಮೊದಲ ಬಹುಮಾನವೂ ಅದಕ್ಕೇ ಹೋಯಿತು.

ಮೂರನೇ ದಿನ ಆಕಳು, ಎಮ್ಮೆಗಳ ಬಹುಮಾನ ಇತ್ತು. ಬೆಳಗ್ಗೆ ನನ್ನ ಡೇರೆಯ ಮುಂದೆ ಇಪ್ಪತ್ತು ಮಂದಿ ರೈತರು ಸಾಲಾಗಿ ನಿಂತಿದ್ದರು. ಎಲ್ಲರದೂ ಬೆನ್ನು ಸುಟ್ಟಿತ್ತಂತೆ. ಯಾರ ಬೆನ್ನು ಎಂದು ನಾನು ಕೇಳಲಿಲ್ಲ.

ಮುದುಕಿಯ ತಿಳುವಳಿಕೆ

ಹಿರೇಕೆರೂರಿನಲ್ಲಿ ನಡೆದ ವರ್ಷ ಪುಣೆಯಲ್ಲಿ ಓದಿ ಬಂದ ಡಾಕ್ಟರರೊಬ್ಬರು ಭಾಷಣಕ್ಕೆ ಬಂದಿದ್ದರು. ಅವರ ವಿಷಯ, ಬೇಸಿಗೆಯಲ್ಲಿ ಚರ್ಮದ ರಕ್ಷಣೆ. ಡಾಕ್ಟರರು ಹಂದರದ ನೆರಳಿನಲ್ಲಿ, ಕೇಳುವವರು ಬಯಲಿನಲ್ಲಿ. ಭಾಷಣ ಹನ್ನೊಂದಕ್ಕೆ ಶುರುವಾಯಿತು. ಚರ್ಮಕ್ಕೆ ಎಷ್ಟು ಪದರ, ಬೆವರು ಎಲ್ಲಿಂದ ಬರುತ್ತದೆ ಎಂದೆಲ್ಲ ಹೇಳುತ್ತ ಹೇಳುತ್ತ ಒಂದು ಗಂಟೆಯಾಯಿತು. ಮುಂದಿನ ಸಾಲಿನವರು ಧೋತರದ ಚುಂಗನ್ನು ತಲೆಗೆ ಹೊದ್ದು ಕುಳಿತಿದ್ದರು. ಕೊನೆಗೆ ಡಾಕ್ಟರರು ಮೇಜು ಗುದ್ದಿ ಹೇಳಿದರು: "ಎಲ್ಲಕ್ಕಿಂತ ಮುಖ್ಯ ಮಾತು ಅಂದ್ರ, ಹನ್ನೊಂದರಿಂದ ಮೂರರ ತನಕ ಯಾವ ಕಾರಣಕ್ಕೂ ಬಿಸಿಲಾಗ ಕುಂಡ್ರಬಾರದು!"

ಒಬ್ಬ ಮುದುಕಿ ಎದ್ದು ನಿಂತಳು.

"ತಮ್ಮಾ, ಇದನ್ನ ಹನ್ನೊಂದಕ್ಕ ಹೇಳಿದ್ರ ನಿನಗ ಏನಾಗ್ತಿತ್ತು?"

ಆಕೆ ಹೊರಟಳು. ಹಿಂದೆಯೇ ಸಭೆಯೂ ಹೊರಟಿತು.

ಮಾವ, ಅಳಿಯ, ನೆರಳು

ಒಂದು ವರ್ಷ ಸವಣೂರು ಸಂಸ್ಥಾನದವರು ಪ್ರದರ್ಶನವನ್ನು ತಮ್ಮಲ್ಲಿಗೆ ಕರೆಸಿಕೊಂಡರು. ಮೊದಲ ದಿನ ಆಶೀರ್ವಾದದ ನಾಲ್ಕು ಮಾತಾಡಲು ಆಚಾರ್ಯರೊಬ್ಬರನ್ನು ಕರೆದಿದ್ದರು. ದೊಡ್ಡ ವಿದ್ವಾಂಸರು. ಮನೆಯಲ್ಲಿ ಪೂಜೆ ಇನ್ನೂ ಬಾಕಿ ಇದ್ದದ್ದರಿಂದ ಮಡಿಯಲ್ಲೇ ಬಂದರು. ಬರಿ ಮೈ, ಬೋಳು ತಲೆ. ಯಾರೂ ಹತ್ತಿರ ಹೋಗುವಂತಿಲ್ಲ, ಅವರು ಛತ್ರಿ ಮುಟ್ಟುವಂತಿಲ್ಲ.

ಅವರ ಅಳಿಯ ಧಾರವಾಡದಲ್ಲಿ ವಕೀಲ. ಉಪಾಯ ಹೂಡಿದವನು ಅವನೇ. ಉದ್ದನೆಯ ಬಿದಿರಿನ ತುದಿಗೆ ಛತ್ರಿ ಕಟ್ಟಿ, ಮಾವನಿಂದ ಆರು ಮಾರು ದೂರ, ಮೂಡಣ ದಿಕ್ಕಿಗೆ ಎತ್ತಿ ಹಿಡಿದು ನಿಂತ. ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತಿತ್ತು. ನೆರಳು ಸರಿಯಾಗಿ ಆಚಾರ್ಯರ ನೆತ್ತಿಯ ಮೇಲೆ ಬಂತು. ಎಲ್ಲರೂ ಭಲೆ ಎಂದರು.

ನಾಲ್ಕು ಮಾತು ಎಂದದ್ದು ನಾಲ್ಕು ವೇದಕ್ಕೆ ಹೋಯಿತು. ಹೊತ್ತು ಏರಿದಂತೆ ನೆರಳು ಅಳಿಯನ ಕಡೆ ಸರಿಯಿತು. ಮಾತಾಡುತ್ತಲೇ ಆಚಾರ್ಯರು ಒಂದು ಹೆಜ್ಜೆ ನೆರಳಿನ ಹಿಂದೆ ಹೋದರು. ಮಾವ ಹತ್ತಿರ ಬಂದರೆಂದು ಅಳಿಯ ಒಂದು ಹೆಜ್ಜೆ ಹಿಂದೆ ಸರಿದ. ಛತ್ರಿಯೂ ಸರಿಯಿತು, ನೆರಳೂ ಸರಿಯಿತು. ಆಚಾರ್ಯರು ಇನ್ನೆರಡು ಹೆಜ್ಜೆ ಇಟ್ಟರು. ಅಳಿಯನೂ ಎರಡು ಹೆಜ್ಜೆ ಹಿಂದಕ್ಕೆ ಹೋದ.

ಹೀಗೆ ಸಾಮವೇದದ ಹೊತ್ತಿಗೆ ಅವರು ಎಮ್ಮೆಗಳ ಸಾಲು ದಾಟಿದ್ದರು. ಸಭೆಯೂ ಕಂಬಳಿ ಎತ್ತಿಕೊಂಡು ಹಿಂದೆಯೇ ನಡೆಯಿತು. ಶೇಂಗಾ ಮಾರುವವಳು ತನ್ನ ಬುಟ್ಟಿ ಉಳಿಸಿಕೊಳ್ಳಲು ಓಡಿದಳು. ಹೊತ್ತು ನೆತ್ತಿಗೆ ಬಂದಾಗ ಇಬ್ಬರೂ ಬಯಲಿನ ಆ ತುದಿಯಲ್ಲಿದ್ದರು. ಈಗ ನೆರಳು ಪೂರ್ತಿಯಾಗಿ ಅಳಿಯನ ಮೇಲೆಯೇ ಬಿದ್ದಿತ್ತು. ಕೆಂಡದಂತಾಗಿದ್ದ ಆಚಾರ್ಯರು ಮಾತು ನಿಲ್ಲಿಸಿ ಕೇಳಿದರು:

"ಅಳಿಯಂದ್ರು ತಂಪಾಗಿದ್ದೀರೇನು?"

ಅಳಿಯ ಬಿದಿರು ಬಿಡದೆ ತಲೆಬಾಗಿ ಹೇಳಿದ: "ಎಲ್ಲಾ ನಿಮ್ಮ ಆಶೀರ್ವಾದ ರೀ."

ಕಪ್ಪು ಛತ್ರಿ

ಚಳವಳಿ ಜೋರಾಗಿದ್ದ ಕಾಲ. ಹಾನಗಲ್ಲಿನ ಪ್ರದರ್ಶನಕ್ಕೆ ದೊಡ್ಡ ಗೋರಾ ಸಾಹೇಬರು ಬರುವವರಿದ್ದರು. ಜನ ಎಲ್ಲಿ ಕಪ್ಪು ನಿಶಾನೆ ತೋರಿಸುತ್ತಾರೋ ಎಂದು ಅಲ್ಲಿಯ ಪೊಲೀಸ್ ಫೌಜದಾರರಿಗೆ ಚಿಂತೆ. ಇದು ಅವರ ನೌಕರಿಯ ಪ್ರಶ್ನೆ. ಹಿಂದಿನ ದಿನವೇ ಡಂಗುರ ಹೊಡೆಸಿದರು: "ಕರೀ ಅರಿವಿ ಯಾರೂ ಮ್ಯಾಲೆ ಎತ್ತಬಾರದು!"

ಬೆಳಗ್ಗೆ ನೋಡಿದರೆ ಬಯಲಿನ ತುಂಬ ಛತ್ರಿ. ಆಗ ಛತ್ರಿ ಎಂದರೆ ಕಪ್ಪೇ. ಫೌಜದಾರರು ಸಾಲುಸಾಲಿಗೆ ಓಡಾಡಿ "ಛತ್ರಿ ಇಳಸ್ರಿ! ಇಳಸ್ರಿ!" ಎಂದು ಕೂಗಿದರು. ಜನ ಇಳಿಸಿದರು. ಅರ್ಧ ತಾಸಿನಲ್ಲಿ ನನ್ನ ಡೇರೆಗೆ ಏಳು ಮಂದಿ ತಲೆ ತಿರುಗಿದವರು ಬಂದರು. ನಾನು ಹೋಗಿ ಹೇಳಿದೆ: "ಸಾಹೇಬ್ರ, ಹಿಂಗಾದ್ರ ಗೋರಾ ಸಾಹೇಬ್ರು ಬರೂದ್ರೊಳಗ ಅರ್ಧ ಮಂದಿ ಮಲಗ್ತಾರ್ರಿ."

ಫೌಜದಾರರು ಯೋಚಿಸಿದರು. "ಆತು. ಛತ್ರಿ ಮ್ಯಾಲೆ ಬಿಳೇ ಅರಿವಿ ಹೊಚ್ಚಿ ಹಿಡೀರಿ ಅಂತ ಹೇಳ್ರಿ."

ಜನ ಖುಷಿಯಿಂದ ಹೆಗಲ ಮೇಲಿನ ವಸ್ತ್ರ ತೆಗೆದು ಛತ್ರಿಗೆ ಹೊದೆಸಿದರು. ಎಲ್ಲರ ಹೆಗಲ ಮೇಲೂ ಆಗ ಇದ್ದದ್ದು ಖಾದಿ. ದೂಳೆಬ್ಬಿಸುತ್ತ ಸಾಹೇಬರ ಮೋಟಾರು ಬಂದಾಗ ಬಯಲಿನಲ್ಲಿ ಐನೂರು ಬಿಳಿ ಖಾದಿ ಛತ್ರಿಗಳು ಒಮ್ಮೆಲೇ ಎದ್ದು ನಿಂತವು. ಯಾವ ಸತ್ಯಾಗ್ರಹದ ಸಭೆಯಲ್ಲೂ ನಾನು ಅಂಥ ದೃಶ್ಯ ಕಂಡಿಲ್ಲ. ಫೌಜದಾರರು ಕಣ್ಣು ಮುಚ್ಚಿಕೊಂಡು ಸಲಾಮು ಹೊಡೆದರು.

ಸಾಹೇಬರು ಸುತ್ತ ನೋಡಿ ತಮ್ಮ ಅರೆಬರೆ ಕನ್ನಡದಲ್ಲಿ ಅಂದರು: "ಬಹಳ ಛಲೋ, ಫೌಜದಾರ್. ಎಲ್ಲಾರಿಗೂ ನೀವೇ ಹೇಳಿ ಮಾಡಿಸಿದಿರಿ?"

ಫೌಜದಾರರಿಗೆ ಹೌದೆನ್ನುವ ಧೈರ್ಯವೂ ಇರಲಿಲ್ಲ, ಅಲ್ಲವೆನ್ನುವ ಧೈರ್ಯವೂ ಇರಲಿಲ್ಲ. "ಬಿಸಿಲು ಭಾಳ ಐತ್ರಿ" ಎಂದರು.

ನನ್ನ ಮಾರಿ

ಮಂದಿಯದ್ದಾಯಿತು, ಇನ್ನು ನನ್ನ ಮುಖದ ಕತೆ. ಇದು ಯುದ್ಧಕ್ಕಿಂತ ಮೊದಲಿನ ಮಾತು. ನನಗೆ ಇಪ್ಪತ್ತೈದು, ಮದುವೆಯಾಗಿರಲಿಲ್ಲ. ಎರಡು ಕಡೆ ಹೆಣ್ಣಿನವರು ನನ್ನನ್ನು ನೋಡಿ ಬಿಟ್ಟಿದ್ದರು. ಆ ವರ್ಷ ಪ್ರದರ್ಶನ ಮಾಸೂರಿನ ಹತ್ತಿರ. ಮೂರನೇ ದಿನ ಸಂಜೆ ಅಲ್ಲಿಯ ಒಂದು ಮನೆತನಕ್ಕೆ ಹೋಗಿ ಹುಡುಗಿಯನ್ನು ನೋಡುವುದೆಂದು ನನ್ನ ಅವ್ವ ನಿಶ್ಚಯಿಸಿದ್ದಳು.

"ಹುಡುಗ ಬೆಳ್ಳಗ ಅದಾನಂತ ಹೇಳೇನಿ" ಎಂದಳು ಅವ್ವ. "ಮೂರು ದಿನ ಮಾರಿ ಕಾಯ್ಕೋ. ಈ ಸಂಬಂಧ ತಪ್ಪಿದ್ರ ನಾ ಮತ್ತ ಎಲ್ಲಿಗೂ ಹೋಗಂಗಿಲ್ಲ ನೋಡು."

ನಾನು ನಮ್ಮ ಡಾಕ್ಟರರ ಕಾಲು ಹಿಡಿದು ಅವರ ಕಪ್ಪು ಚಷ್ಮಾ ಕೇಳಿ ತಂದೆ. ದೊಡ್ಡ ದುಂಡನೆಯ ಗಾಜು. ಕಣ್ಣಿಗೆ ತಂಪಾದರೆ ಮುಖಕ್ಕೂ ತಂಪಾಗುತ್ತದೆ ಎಂದು ನನ್ನ ಲೆಕ್ಕ. ಮೂರು ದಿನ ಅದನ್ನು ಒಂದು ಗಳಿಗೆ ತೆಗೆಯದೆ ಬಯಲಿನಲ್ಲಿ ಠೀವಿಯಿಂದ ಓಡಾಡಿದೆ. ಡೇರೆಯಲ್ಲಿ ಕನ್ನಡಿ ಇರಲಿಲ್ಲ.

ಸಂಜೆ ಸೀದಾ ಹುಡುಗಿಯ ಮನೆಗೆ ಹೋದೆ. ಅವ್ವ ಮೊದಲೇ ಬಂದು ಕುಳಿತಿದ್ದಳು. ಬಾಗಿಲಲ್ಲಿ ಚಷ್ಮಾ ತೆಗೆದು ಕಿಸೆಗಿಟ್ಟುಕೊಂಡು ಒಳಗೆ ಹೋಗಿ ಕುಳಿತೆ. ಅವ್ವ ನನ್ನನ್ನು ನೋಡಿದವಳೇ ಬಾಯಿಗೆ ಸೆರಗು ಹಿಡಿದಳು. ಉಳಿದವರು ನೆಲ ನೋಡತೊಡಗಿದರು. ಹುಡುಗಿಯ ಅಜ್ಜಿಗೆ ಕಣ್ಣು ಮಂಜು. ಆಕೆ ಮುಂದೆ ಬಾಗಿ ನನ್ನನ್ನು ಬಹಳ ಹೊತ್ತು ದಿಟ್ಟಿಸಿದಳು.

"ತಮ್ಮಾ, ಆ ಬಿಳೇ ಚಷ್ಮಾ ತಗಿಯಪಾ, ಮಾರಿ ನೋಡೂಣು."

"ಚಷ್ಮಾ ತಗದೇನ್ರಿ ಅಜ್ಜಿ" ಎಂದೆ.

"ಎಲ್ಲಿ ತಗದಿ? ಹಾಕ್ಕೊಂಡೇ ಕುಂತೀಯಲ್ಲೋ!"

ಆಗ ನನಗೆ ತಿಳಿಯಿತು. ಮುಖವೆಲ್ಲ ಸುಟ್ಟು ಹಂಚಿನಂತಾಗಿತ್ತು. ಕಣ್ಣಿನ ಸುತ್ತ ಎರಡು ಬಿಳಿ ಚಕ್ರ, ಅಲ್ಲಿಂದ ಕಿವಿಯವರೆಗೆ ಎರಡು ಬಿಳಿ ಗೆರೆ.

ಅಷ್ಟರಲ್ಲಿ ಅವಲಕ್ಕಿಯ ತಾಟು ಹಿಡಿದು ಹುಡುಗಿ ಬಂದಳು. ಒಮ್ಮೆ ತಲೆ ಎತ್ತಿದಳು. ಹಾಗೇ ನೆಲಕ್ಕೆ ಕುಳಿತು, ತಾಟನ್ನು ತೊಡೆಯ ಮೇಲಿಟ್ಟುಕೊಂಡು ನಕ್ಕಳು ನೋಡಿ! ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳ ಅಪ್ಪ "ಮರ್ಯಾದಿ ಇಲ್ಲೇನು!" ಎಂದು ಗದರಿದರೂ ನಿಲ್ಲಲಿಲ್ಲ. ನಾವು ಅವಲಕ್ಕಿ ಮುಟ್ಟದೆ ಎದ್ದು ಬಂದೆವು. ದಾರಿಯುದ್ದಕ್ಕೂ ಅವ್ವ ಅತ್ತಳು. ನನ್ನ ಮದುವೆಯ ಕತೆ ಅಲ್ಲಿಗೆ ಮುಗಿಯಿತೆಂದುಕೊಂಡೆ.

ನಾಲ್ಕು ದಿನದ ಮೇಲೆ ಹುಡುಗಿಯ ಅಪ್ಪ ತಾವೇ ಶಿಗ್ಗಾವಿಗೆ ಬಂದರು. ಜಗಲಿಯ ಮೇಲೆ ಕುಳಿತು, ನೀರು ಕುಡಿದು, ಅವ್ವನಿಗೆ ಹೇಳಿದರು: "ಆಕಿ ತಾಯಿ ತೀರ್ಕೊಂಡು ಎರಡು ವರ್ಷ ಆತ್ರಿ. ಅವತ್ತಿನಿಂದ ನಮ್ಮ ಹುಡುಗಿ ನಕ್ಕದ್ದು ನಾ ಕಂಡಿದ್ದಿಲ್ಲ. ಲಗ್ನಾ ಆದ್ರ ಅವ್ರನ್ನ, ಇಲ್ಲಂದ್ರ ಯಾರನ್ನೂ ಒಲ್ಲೆ ಅಂತ ಹಟ ಹಿಡದಾಳ." ಅವ್ವ ಅತ್ತಳು. ಈ ಸಲ ಸಂತೋಷಕ್ಕೆ.

ಮದುವೆ ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಅವ್ವ ಕೆನೆ, ಕಡಲೆಹಿಟ್ಟು, ಅರಿಷಿಣ ತಿಕ್ಕಿ ತಿಕ್ಕಿ ನನ್ನ ಮುಖವನ್ನು ಮೊದಲಿನಂತೆ ಒಂದೇ ಬಣ್ಣಕ್ಕೆ ತಂದಿದ್ದಳು. ಜನ ಅಕ್ಷತೆ ಹಿಡಿದು ನಿಂತಿದ್ದರು. ನಮ್ಮಿಬ್ಬರ ನಡುವಿನ ಅಂತರಪಟ ಸರಿಯಿತು. ಹುಡುಗಿ ಕಣ್ಣೆತ್ತಿ ನೋಡಿದಳು. ಹಿಂದೆ ತಿರುಗಿ, ಇಡೀ ಹಂದರಕ್ಕೆ ಕೇಳುವಂತೆ ಅಂದಳು:

"ಅಜ್ಜೀ, ಇವ್ರಲ್ಲ!"

ಪುರೋಹಿತರ ಮಂತ್ರ ನಿಂತಿತು. ಅಜ್ಜಿ ಕೋಲೂರಿಕೊಂಡು ಮುಂದೆ ಬಂದು, ನನ್ನ ಗದ್ದ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಇವ್ರೇ ಅದಾರವ್ವ. ಇವತ್ತ ಚಷ್ಮಾ ತಗದಾರ."