ಅತ್ತೆಯ ಕಣ್ಣಳತೆ ಮತ್ತು ಮೂವತ್ನಾಲ್ಕು ಇಂಚಿನ ಬ್ಯಾಟು

ಅಪ್ಪನ ತಂಗಿಯಾದ ನಮ್ಮ ಸೋದರತ್ತೆಯ ಎದುರು ಯಾವ ವಸ್ತುವಿಗೂ ಮಾನ ಉಳಿಯುವುದಿಲ್ಲ. ಉದ್ದ, ಅಗಲ, ತೂಕ ಎಲ್ಲವೂ ಒಂದೇ ನೋಟಕ್ಕೆ ಬಯಲು! ದಂಡಿಗನಹಳ್ಳಿಯಲ್ಲಿ ಇವತ್ತಿಗೂ ಹೊಲಕ್ಕಿಳಿಯುವ ಈ ಎಪ್ಪತ್ತರ ಹೆಂಗಸಿನ ಮನೆಯಲ್ಲಿ ಒಂದು ಟೇಪಿಲ್ಲ, ತಕ್ಕಡಿಯಿಲ್ಲ. ಯಾಕಿರಬೇಕು ಹೇಳಿ?

ಒಮ್ಮೆ ಹಾಸನದ ನಮ್ಮ ಮನೆಯಲ್ಲಿ ಮುಚ್ಚಳವಿಲ್ಲದ ಪಾತ್ರೆಯೊಂದನ್ನು ಅತ್ತೆ ಕಂಡಿದ್ದರು. ಆರು ತಿಂಗಳಾದ ಮೇಲೆ ಹೊಳೆನರಸೀಪುರದ ಸಂತೆಯಲ್ಲಿ ಒಂದು ಮುಚ್ಚಳ ಆರಿಸಿ ತಂದುಕೊಟ್ಟರು. ನನ್ನ ಹೆಂಡತಿ ಅಪನಂಬಿಕೆಯಿಂದಲೇ ಅದನ್ನು ಪಾತ್ರೆಯ ಮೇಲಿಟ್ಟಳು. ಎರಡೂ ಜೊತೆಗೇ ಹುಟ್ಟಿದ ಹಾಗೆ ಕೂತುಕೊಂಡವು!

ಅರಕಲಗೂಡಿನ ಒಂದು ಆರತಕ್ಷತೆಯಲ್ಲಂತೂ ಫೋಟೋಕ್ಕೆ ನಿಂತ ಮದುಮಗನನ್ನೇ ಕೇಳಿಬಿಟ್ಟರು: "ಈ ಕೋಟು ಯಾರ್ದಪ್ಪಾ? ಭುಜ ನಿಂದಲ್ಲ ಕಣ." ಹುಡುಗ ಬಿಳಿಚಿಕೊಂಡ. ಕೋಟು ಅವನ ಭಾವನದು! ಅಂದಿನಿಂದ ನಮ್ಮ ಬಳಗದ ಗಂಡಸರು, ಅತ್ತೆ ಬರುತ್ತಾರೆಂದರೆ ಸ್ವಂತ ಬಟ್ಟೆಯಲ್ಲೇ ಬರುತ್ತಾರೆ.

ಇಂಥವರ ವಂಶದಲ್ಲಿ ಹುಟ್ಟಿಯೂ ನಾನೊಂದು ಎಡವಟ್ಟು ಮಾಡಿದೆ. ಒಂಬತ್ತನೇ ಕ್ಲಾಸಿನ ನನ್ನ ಮಗಳಿಗೆ ಸಾಫ್ಟ್‌ಬಾಲ್ ಹುಚ್ಚು. ಕ್ರಿಕೆಟ್ಟಿನ ದಾಯಾದಿ ಆಟ ಅದು. ದುಂಡನೆಯ ಬ್ಯಾಟು, ಕೈ ಕೆಳಗಿನಿಂದ ಬೀಸಿ ಎಸೆಯುವ ದಪ್ಪ ಚೆಂಡು. ಅವಳಿಗೊಂದು ಬ್ಯಾಟು ಬೇಕಿತ್ತು. ನಮ್ಮಲ್ಲಿ ಮಕ್ಕಳಿಗೆ ಏನು ತರುವುದಿದ್ದರೂ ಒಂದೇ ಶಾಸ್ತ್ರ: ಬೆಳೆಯುವ ಮಗು, ದೊಡ್ಡದೇ ಇರಲಿ! ಯೂನಿಫಾರಂ ಹೊಲಿಸಿದ್ದು ಹಾಗೆ, ಸ್ವೆಟರ್ ತಂದಿದ್ದು ಹಾಗೆ. ಬ್ಯಾಟೂ ಹಾಗೆಯೇ ಬಂತು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡದು, ಮೂವತ್ನಾಲ್ಕು ಇಂಚಿನದು.

ಮೂರು ವಾರ ಅವಳು ಬೀಸಿದ್ದೇ ಬೀಸಿದ್ದು. ಬ್ಯಾಟು ತಿರುಗುವಷ್ಟರಲ್ಲಿ ಚೆಂಡು ಹಿಂದೆ ಹಿಡಿಯಲು ನಿಂತವಳ ಕೈ ಸೇರಿ ನಗುತ್ತಿತ್ತು. ಸೋಮವಾರ ಜಿಲ್ಲಾ ತಂಡದ ಆಯ್ಕೆ. ಶುಕ್ರವಾರ ಸಂಜೆ ಮಗಳು ಬ್ಯಾಟನ್ನು ಮೂಲೆಗೆಸೆದು, "ನಂಗೆ ಆಟಾನೇ ಬರಲ್ಲಪ್ಪಾ, ನಾನು ಹೋಗಲ್ಲ" ಎಂದು ಅತ್ತಳು. ನಾನು "ಇನ್ನೂ ಜೋರಾಗಿ ಬೀಸು" ಎಂಬ ಅಮೂಲ್ಯ ಸಲಹೆ ಕೊಟ್ಟೆ.

ಶನಿವಾರ ಬೆಳಿಗ್ಗೆ ಅವರೆಕಾಯಿ ಚೀಲದೊಂದಿಗೆ ಅತ್ತೆ ಬಂದಿಳಿದರು. ಮೂಲೆ ನೋಡಿದರು.

"ಇದೇನ್ಲಾ, ಗುದ್ಲಿ ಎಲ್ಲೋಯ್ತು? ಬರೀ ಕಾವೈತೆ!" ಎಂದರು. ಬ್ಯಾಟು ಅವರ ಕಣ್ಣಿಗೆ ಗುದ್ದಲಿಯ ಮರದ ಹಿಡಿ.

ನಾನು ವಿಷಯ ಹೇಳಿದ ಮೇಲೆ ಮೊಮ್ಮಗಳನ್ನು ಅಂಗಳದಲ್ಲಿ ನಿಲ್ಲಿಸಿದರು. "ಒಂದೇ ಕೈಲಿ ಬುಡ ಇಡ್ಕಂಡು ತೋಳು ಪಕ್ಕಕ್ಕೆ ಚಾಚವ್ವ. ನಾನು ಇಪ್ಪತ್ತು ಎಣುಸ್ತೀನಿ." ಎಂಟಕ್ಕೇ ಬ್ಯಾಟಿನ ತುದಿ ನೆಲ ನೋಡಿತು. "ಆಳಿಗೆ ಗುದ್ಲಿ ಕಾವು ನೋಡೋದು ಇಂಗೇ ಕಣ್ಲಾ. ಮಗೀಗೆ ಆಟ ಬರಾಕಿಲ್ಲ ಅಂದ್ಯಲ್ಲ, ಬರ್ದೇ ಇರೋದು ನಿಂಗೆ!"

ಅಂಗಡಿಗೆ ಹೋದೆವು. ಅತ್ತೆ ಒಂದೊಂದೇ ಬ್ಯಾಟನ್ನು ಮಗಳ ಕಾಲಿನ ಪಕ್ಕ ನಿಲ್ಲಿಸಿ ಅಂಗೈಗೆ ತಾಗಿಸಿದರು, ಬುಡವನ್ನು ಎದೆಗಿಟ್ಟು ಕೈ ಚಾಚಿಸಿದರು, ಇಪ್ಪತ್ತು ಎಣಿಸಿದರು. ಐದು ಬ್ಯಾಟು ಬೇಡವೆಂದು ಆರನೆಯದನ್ನು ಎತ್ತಿಕೊಟ್ಟರು. ಇಪ್ಪತ್ತೊಂಬತ್ತು ಇಂಚು. ಅಂಗಡಿಯವನು ಹುಡುಗಿಯ ಎತ್ತರ, ತೂಕ ಕೇಳಿ ಗೋಡೆಯ ಪಟ್ಟಿ ನೋಡಿದ, ಅಲ್ಲೂ ಇಪ್ಪತ್ತೊಂಬತ್ತೇ! ನನ್ನ ಕಿವಿಯಲ್ಲಿ ಕೇಳಿದ: "ಅಜ್ಜಿ ಯಾವ ಟೀಮಿನ ಕೋಚು ಸಾ?"

ನನ್ನ ಹಳೇ ಶಾಸ್ತ್ರ ಬಿಡಬೇಕಲ್ಲ! "ಮುಂದಿನ ವರ್ಷಕ್ಕೆ ಚಿಕ್ಕದಾಗುತ್ತಲ್ಲ ಅತ್ತೆ?" ಎಂದೆ.

"ಮುಂದಿನ್ ವರ್ಸ ಆಡೋಳು ಮುಂದಿನ್ ವರ್ಸ ಬತ್ತಾಳೆ. ಈ ವರ್ಸದೋಳು ಇಲ್ ನಿಂತವ್ಳೆ. ಅವಳ್ಗೆ ಕೊಡ್ಸು."

ಸೋಮವಾರ ಮೈದಾನದ ಮೆಟ್ಟಿಲ ಮೇಲೆ ಅತ್ತೆ, ನಾನು. ಮೊದಲ ಚೆಂಡು ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಠಣ್ ಎಂಬ ಸದ್ದು. ಚೆಂಡು ಎಲ್ಲರ ತಲೆಯ ಮೇಲೆ ಹಾರಿ ಬೇಲಿಯ ಹತ್ತಿರ ಬಿತ್ತು! "ಓಡವ್ವಾ!" ಎಂದು ಅತ್ತೆ ಕೂಗಿದ್ದಕ್ಕೆ ಪಕ್ಕದಲ್ಲಿ ಲಾಂಗ್‌ಜಂಪಿಗೆ ನಿಂತಿದ್ದ ಹುಡುಗಿಯೂ ಓಡಿದಳು. ಕೊನೆಗೆ ಓದಿದ ಪಟ್ಟಿಯಲ್ಲಿ ಮಗಳ ಹೆಸರಿತ್ತು.

ಅವಳನ್ನು ತಬ್ಬಲು ಅತ್ತೆ ಮೆಟ್ಟಿಲಿಳಿದು ಓಡಿದರು. ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಎತ್ತಿಕೊಂಡೆ. ಗಂಡಸರ ಚಪ್ಪಲಿ, ಅವರ ಪಾದಕ್ಕಿಂತ ಎರಡು ಬೆರಳು ಉದ್ದ.

"ಇದು ಮಾವಂದಲ್ವಾ ಅತ್ತೆ?"

"ಊಂ, ಅವರೋದ್ಮೇಲೆ ಸುಮ್ನೆ ಬಿದ್ದಿತ್ತು. ಮದ್ವೆಗೆ ಮುಂಚೆ ನಿಮ್ಮಪ್ಪಂದು ಮೆಟ್ಕತಿದ್ದೆ. ಗುದ್ಲೀನೂ ಅವನ್ದೇ ಕೊಟ್ಟಿದ್ರು, ಬೆಳೀತಾಳೆ ಬಿಡು ಅಂತ. ಅಷ್ಟುದ್ದ ನಾನು ಬೆಳೀನೇ ಇಲ್ಲ ಕಣ್ಲಾ!" ಎಂದು ಜೋರಾಗಿ ನಕ್ಕರು. ಮಗಳೂ ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಅವರ ಕಣ್ಣನ್ನೇ ಬೆರಗಿನಿಂದ ನೋಡಿದವನು ಕಾಲನ್ನು ಒಮ್ಮೆಯೂ ನೋಡಿರಲಿಲ್ಲವೆಂದು ನಾಚಿಕೆಯಾಯಿತು.

ಬೇಡವೆಂದರೂ ಕೇಳದೆ ಬಸ್‌ಸ್ಟ್ಯಾಂಡಿನ ಎದುರಿನ ಚಪ್ಪಲಿ ಅಂಗಡಿಗೆ ಕರೆದೊಯ್ದೆ. ಅಂಗಡಿಯವನು, "ಯಾವ ಸೈಜಮ್ಮಾ?" ಎಂದ.

ಅತ್ತೆ ತಮ್ಮ ಪಾದ ನೋಡಿಕೊಂಡರು. ಬಹಳ ಹೊತ್ತು ನೋಡಿಕೊಂಡರು. ಆಮೇಲೆ ಮೆಲ್ಲಗೆ, "ಗೊತ್ತಿಲ್ಲ ಕಣಪ್ಪಾ," ಎಂದರು.