ನಾಲ್ಕು ಗಟ್ಟಿ ಸ್ಪ್ರಿಂಗು

ರಗಳೆ ಶುರುವಾಗಿದ್ದು ಹಿಂದಿನ ವಾರ, ಅತ್ತೆಮನೆಗೆ ಹೋಗುವ ದಿಬ್ಬದ ನಟ್ಟನಡುವೆ. ಬೈಕಿನ ಇಂಜಿನ್ನು ಬೀದಿಗೆ ಬೀದಿಯೇ ಹೊರಗೆ ಬಂದು ನೋಡುವಂತೆ ಅಬ್ಬರಿಸಿತು, ಚಕ್ರ ಮಾತ್ರ ಮುಂದಕ್ಕೆ ಹೋಗಲೊಲ್ಲದು. ಹಿಂದೆ ಕೂತಿದ್ದ ಹೆಂಡತಿ ಇಳಿದು, ತವರಿನ ನೆರೆಹೊರೆಯವರೆಲ್ಲ ಕಿಟಕಿಯಲ್ಲಿ ಇಣುಕುತ್ತಿರುವಾಗ, ಒಳ್ಳೆಯ ಬಟ್ಟೆಯಲ್ಲೇ ಅದನ್ನು ಮೇಲಿನವರೆಗೆ ತಳ್ಳಿದಳು. ಮೇಲೆ ಮುಟ್ಟಿದ್ದೇ ಏದುಸಿರು ಬಿಡುತ್ತ ತೀರ್ಪು ಕೊಟ್ಟಳು.

"ಬರೋ ವಾರ ಕತ್ತಲಾಗೋದ್ರೊಳಗೆ ನನ್ನ ಕೂರಿಸ್ಕೊಂಡು ಈ ದಿಬ್ಬ ಹತ್ತಬೇಕು. ಇಲ್ಲಾಂದ್ರೆ ಇದು ಗುಜರಿಗೆ."

ಆ ಗಡುವು ಮುಗಿಯುವುದು ಇವತ್ತು.

ಪೇಟೆಯ ಮೂಲೆಯಲ್ಲಿ ಮೂವತ್ತೈದು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದ ಅವನನ್ನು ಎಲ್ಲರೂ ಗಡಿಯಾರದಣ್ಣ ಎಂದೇ ಕರೆಯುತ್ತಿದ್ದರು. ಅವನಿಗೆ ಆ ಬೈಕೆಂದರೆ ಪ್ರಾಣ; ಎರಡು ವರ್ಷದಿಂದ ಕ್ಲಚ್ಚು ಆಗಾಗ ಜಾರುತ್ತಿದ್ದರೂ ಹೇಗೋ ಓಡಿಸಿಕೊಂಡಿದ್ದ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಅದೇ ದಿಬ್ಬವನ್ನು ಎರಡನೇ ಗೇರಿನಲ್ಲೇ ಹತ್ತಿದ್ದ. ಮಗಳು ಪುಟ್ಟವಳಿದ್ದಾಗ ಪೆಟ್ರೋಲ್ ಟ್ಯಾಂಕಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಅವಳಿಗೆ ಎಚ್ಚರವಾಗದಿರಲೆಂದು ಮನೆ ಬಂದರೂ ನಿಲ್ಲಿಸದೆ ಇನ್ನೊಂದು ಸುತ್ತು ಹೊಡೆದದ್ದುಂಟು. ಈಗ ಆ ಮಗಳಿಗೇ ಮಗಳಿದ್ದಾಳೆ. ಆದರೆ ಅಂಗಡಿಗೆ ಬೀಗ ಹಾಕಿ ಬೈಕಿನ ಮೇಲೆ ಕೂತರೆ ಗಡಿಯಾರದಣ್ಣನಿಗೆ ಈಗಲೂ ಇಪ್ಪತ್ತೆಂಟೇ ವರ್ಷ. ಅಂಥದ್ದು ಗುಜರಿಯವನ ತಕ್ಕಡಿ ಏರುವುದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಬೆಳಿಗ್ಗೆ ಎದ್ದವನೇ ಬಿಡಿಭಾಗದ ಅಂಗಡಿಗೆ ಓಡಿದ. ಕ್ಲಚ್ಚಿನ ಪ್ಲೇಟುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು ನಾಲ್ಕು ಸ್ಪ್ರಿಂಗು, ಅವು ಸೊರಗಿದರೆ ಪ್ಲೇಟು ಜಾರುತ್ತದೆ ಎಂದು ಅಂಗಡಿಯವನು ತಿಳಿಸಿ ಹೇಳಿದ. ಮೊದಲಿನವಕ್ಕಿಂತ ಗಟ್ಟಿಯಾದವು ಬಂದಿವೆ, ರೇಸಿನವರು ಇದನ್ನೇ ಹಾಕಿಸುವುದು ಎಂದೂ ಸೇರಿಸಿದ. ಮೆಕ್ಯಾನಿಕ್ಕನ ಹತ್ತಿರ ಹೋಗಿ ಎಂದದ್ದಕ್ಕೆ ಮಾತ್ರ ಗಡಿಯಾರದಣ್ಣನಿಗೆ ರೇಗಿತು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗು ಕೂರಿಸಿ ಊರಿಗೆಲ್ಲ ಹೊತ್ತು ತೋರಿಸುವವನಿಗೆ ಹೆಬ್ಬೆರಳು ಗಾತ್ರದ ಸ್ಪ್ರಿಂಗು ಹಾಕಲು ಇನ್ನೊಬ್ಬ ಬೇಕೇ?

ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿ, ಅಡುಗೆಮನೆಯಿಂದ ಹನ್ನೆರಡು ಬಟ್ಟಲು ತಂದು ಗಡಿಯಾರದ ಅಂಕೆಗಳಂತೆ ದುಂಡಗೆ ಜೋಡಿಸಿದ. ಬಿಚ್ಚಿದ್ದನ್ನೆಲ್ಲ ಒಂದು ಗಂಟೆಯಿಂದ ಶುರುಮಾಡಿ ಸಾಲಾಗಿ ಇಡುವುದು ಅವನ ಪದ್ಧತಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರು ಚಹಾದ ಲೋಟ ಹಿಡಿದು ಬಂದ, ಎದುರುಮನೆಯ ದರ್ಜಿ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ. ಇದು ಬಸ್ಸಾಗಿದ್ದರೆ ಕಣ್ಣು ಮುಚ್ಚಿ ಬಿಚ್ಚಿಬಿಡುತ್ತಿದ್ದೆ ಎಂದ ಡ್ರೈವರು. ಬಸ್ಸಲ್ಲವಾದ್ದರಿಂದ ಕಣ್ಣು ತೆರೆದುಕೊಂಡು ಬಾಯಿಂದಲೇ ಬಿಚ್ಚಿಸತೊಡಗಿದ.

ಎಣ್ಣೆ ಚೆಲ್ಲದಂತೆ ಬೈಕನ್ನು ಒಂದು ಮಗ್ಗುಲಿಗೆ ಮಲಗಿಸಿ ಮುಚ್ಚಳ ತೆಗೆದದ್ದಾಯಿತು. ದರ್ಜಿ ಹಳೆಯ ಸ್ಪ್ರಿಂಗನ್ನು ಟೇಪಿನಿಂದ ಅಳೆದು, ಹೊಸದಕ್ಕಿಂತ ಅರ್ಧ ಬೆರಳು ಗಿಡ್ಡ, ತೊಳೆದ ಬಟ್ಟೆ ಕುಗ್ಗಿದ ಹಾಗೆ ಎಂದು ಷರಾ ಬರೆದ. ಹೊಸವು ಮೂರು ಕೂತವು. ನಾಲ್ಕನೆಯದನ್ನು ಒತ್ತುವಾಗ ಅದು ಟಪ್ಪೆಂದು ಹಾರಿ ಮಾಯವಾಯಿತು.

"ಯಾರೂ ಕಾಲು ಎತ್ತಬೇಡಿ. ಉಸಿರೂ ಬಿಡಬೇಡಿ" ಎಂದ ಗಡಿಯಾರದಣ್ಣ.

ಅಂಗಡಿಯಲ್ಲಿ ಸಾಸಿವೆಯಷ್ಟು ಸ್ಕ್ರೂ ಬಿದ್ದಾಗ ಹೀಗೆ ಹೇಳಿ ಹೇಳಿ ರೂಢಿ. ಡ್ರೈವರು ಲೋಟ ತುಟಿಗಿಟ್ಟುಕೊಂಡು, ದರ್ಜಿ ಎತ್ತಿದ ಕಾಲನ್ನು ಎತ್ತಿಕೊಂಡು ಹಾಗೇ ನಿಂತರು. ಗಡಿಯಾರದಣ್ಣ ಭೂತಗನ್ನಡಿ ಸಮೇತ ಅಂಗಳದ ಒಂದೊಂದೇ ಇರುವೆಯನ್ನು ವಿಚಾರಿಸುತ್ತ ಹತ್ತು ನಿಮಿಷ ತೆವಳಿದ. ಕೊನೆಗೆ ಹೆಂಡತಿ ಅಡುಗೆಮನೆಯಿಂದ ಬಂದು, ಹಿಟ್ಟು ಮೆತ್ತಿದ ಸ್ಪ್ರಿಂಗನ್ನು ಅವನ ಮೂಗಿನ ಮುಂದೆ ಹಿಡಿದು, ಇದು ಕಿಟಕಿಯಿಂದ ಬಂದು ಕಲಸಿದ ಹಿಟ್ಟಿನ ಪಾತ್ರೆಗೆ ಬಿತ್ತೆಂದು ಹೇಳಿ ಹೋದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲ ಬಟ್ಟಲು ಖಾಲಿಯಾಯಿತು, ಬೈಕು ಎದ್ದು ನಿಂತಿತು. ಗಡಿಯಾರದಣ್ಣ ಗೆದ್ದವನ ಠೀವಿಯಲ್ಲಿ ಹತ್ತಿ ಕೂತು ಕ್ಲಚ್ಚು ಹಿಡಿದ. ಅದು ಅಲ್ಲಾಡಲಿಲ್ಲ. ಹಲ್ಲು ಕಚ್ಚಿ ಹಿಡಿದ. ಗೋಡೆಯ ಮೊಳೆ ಕೂಡ ಇದಕ್ಕಿಂತ ಮೆತ್ತಗಿದ್ದೀತು. ಮೂವತ್ತೈದು ವರ್ಷ ಚಿಮುಟ ಬಿಟ್ಟು ಬೇರೇನೂ ಹಿಡಿಯದ ಬೆರಳುಗಳು ಅವು. ಡ್ರೈವರು ಒಂದು ಕೈ ನೋಡಿ, ಬಸ್ಸಿನ ಕ್ಲಚ್ಚು ಕಾಲಲ್ಲಿ ತುಳಿಯೋದು ಎಂದು ಜಾರಿಕೊಂಡ. ದರ್ಜಿ ತನ್ನ ಬೆರಳು ತನ್ನ ಅನ್ನ ಎಂದು ಹತ್ತಿರವೇ ಬರಲಿಲ್ಲ. ಎರಡೂ ಕೈ ಹಾಕಿದರೆ ಕ್ಲಚ್ಚೇನೋ ಬರುತ್ತಿತ್ತು, ಆದರೆ ಆಕ್ಸಿಲರೇಟರಿಗೆ ಮೂರನೇ ಕೈ ಬೇಕಾಗುತ್ತಿತ್ತು.

ಹಳೆಯ ಸ್ಪ್ರಿಂಗು ಹಾಕಿದರೆ ದಿಬ್ಬ ಹತ್ತದು, ಹೊಸತಿದ್ದರೆ ಅಂಗಳವೇ ದಾಟದು. ಗಡಿಯಾರದಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ದಾರಿ ತೋರಿಸಿದವನು ದರ್ಜಿ.

"ಅತ್ತಿಗೆ ಹೆಂಗೂ ಹಿಂದೆ ಕೂತಿರ್ತಾರಲ್ಲ. ಅವರೂ ಒಂದು ಕೈ ಕೊಟ್ರೆ?"

ಹಾಗೇ ಆಯಿತು. ಹೆಂಡತಿ ಗೊಣಗುತ್ತ ಹಿಂದೆ ಕೂತು, ಅವನ ಬೆನ್ನಿಗೆ ಒರಗಿ, ತೋಳಿನ ಕೆಳಗಿನಿಂದ ಕೈ ಚಾಚಿ ಅವನ ಕೈಯ ಮೇಲಿಟ್ಟಳು. ಅವನು ಹಿಡಿ ಎಂದಾಗ ಇಬ್ಬರೂ ಹಿಡಿಯುವುದು, ಬಿಡು ಎಂದಾಗ ಬಿಡುವುದು. ಮೊದಲ ಸಲ ಬಿಟ್ಟಾಗಲೇ ಬೈಕು ಕುಪ್ಪಳಿಸಿ ಡ್ರೈವರನ ಲೋಟ ಉರುಳಿಸಿತು. ಪೇಟೆಯ ತಿರುವಿನಲ್ಲಿ ಅವನು ಹಿಡಿ ಎಂದಾಗ ಅವಳು ಪಾತ್ರೆ ಅಂಗಡಿ ನೋಡುತ್ತಿದ್ದಳು. ಬೈಕು ಸೀದಾ ಕ್ಷೌರದಂಗಡಿಗೆ ಅರ್ಧ ನುಗ್ಗಿತು. ಮುಖದ ತುಂಬ ನೊರೆ ಬಳಿದುಕೊಂಡಿದ್ದ ಗಿರಾಕಿ ಎದ್ದು ನಿಂತು ದಾರಿ ಬಿಟ್ಟ.

ಅಲ್ಲಿಂದ ಹೊರಬಿದ್ದ ಮೇಲೆ ಬೆನ್ನ ಹಿಂದೆ ಏನೋ ಸದ್ದಾಯಿತು. ಅಳುತ್ತಿದ್ದಾಳೆಂದು ಹೆದರಿದ. ಅವಳು ನಗುತ್ತಿದ್ದಳು, ಮದುವೆಯ ಹೊಸತರಲ್ಲಿ ನಗುತ್ತಿದ್ದಂತೆ, ಅವನ ಬೆನ್ನಿಗೆ ಮುಖ ಒತ್ತಿಕೊಂಡು. ಅವಳು ಹೀಗೆ ಕೈ ಹಿಡಿದು ಎಷ್ಟು ವರ್ಷವಾಯಿತೋ ಅವನಿಗೆ ಲೆಕ್ಕ ಸಿಗಲಿಲ್ಲ.

ದಿಬ್ಬ ಬಂತು. ಹಿಡಿ, ಎರಡನೇ ಗೇರು, ಬಿಡು. ಬೈಕು ಒಮ್ಮೆಯೂ ತಿಣುಕದೆ, ಜಾರದೆ, ಹಿಂದಿನ ವಾರ ಇಣುಕಿದ ಕಿಟಕಿಗಳನ್ನೆಲ್ಲ ಒಂದೊಂದಾಗಿ ದಾಟುತ್ತ ಏರಿತು. ಈಗ ಕ್ಲಚ್ಚು ಹಿಡಿಯುವ ಕೆಲಸವೇನೂ ಇರಲಿಲ್ಲ, ಆದರೂ ಅವಳು ಕೈ ತೆಗೆಯಲಿಲ್ಲ. ಜೀವನದಲ್ಲಿ ಇನ್ನೇನೂ ಬೇಡ ಎನ್ನಿಸಿತು ಅವನಿಗೆ.

ಅತ್ತೆಮನೆಯ ಗೇಟಿನಲ್ಲಿ ಭಾವಮೈದುನ ನಿಂತಿದ್ದ. ಮನೆಮನೆಗೆ ಗ್ಯಾಸ್ ಸಿಲಿಂಡರು ಹೊತ್ತು ಹಾಕುವ ಆಳು, ಕೈ ಒಂದೊಂದೂ ಒನಕೆಯಂತಿತ್ತು. ಬೈಕನ್ನು ಒಂದು ಸುತ್ತು ಸುತ್ತಿ, ಕ್ಲಚ್ಚನ್ನು ಎರಡೇ ಬೆರಳಲ್ಲಿ ಹಿಡಿದು ಬಿಟ್ಟು, ಹಲ್ಲು ಕಿರಿದ.

"ಭೇಷ್ ಭಾವ. ಅಕ್ಕಾ, ಹಂಗಾದ್ರೆ ಇವತ್ತೇ ತಗೊಂಡು ಹೋಗ್ಲಾ?"

ಗಡಿಯಾರದಣ್ಣ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ತಮ್ಮ ಈ ಬೈಕು ಕೇಳತೊಡಗಿ ಎರಡು ವರ್ಷವಾಗಿತ್ತು. ಗಂಡ ಅಂಗಡಿಗೆ ನಡೆದು ಹೋದ ದಿನಗಳಲ್ಲಿ ಏಳು ಸಲ ಮನೆಗೆ ಬಂದು ಓಡಿಸಿ ನೋಡಿದ್ದ. ಏಳು ಸಲವೂ ಕ್ಲಚ್ಚು ಜಾರುವುದನ್ನು ಕಂಡು ಬಿಟ್ಟು ಹೋಗಿದ್ದ. ದಿಬ್ಬ ಹತ್ತಿ ನಮ್ಮ ಗೇಟಿಗೆ ಬಂದ ದಿನ ತಗೊಳ್ತೀನಿ ಎಂದಿದ್ದ, ಅವಳು ಆಗಲಿ ಎಂದು ಮಾತು ಕೊಟ್ಟಿದ್ದಳು. ಗುಜರಿಗೆ ಹೋಗುವುದಕ್ಕಿಂತ ತಮ್ಮನ ಮನೆಯಲ್ಲಿದ್ದರೆ ಕಣ್ಣಿಗಾದರೂ ಬಿದ್ದೀತು ಎಂದುಕೊಂಡಿದ್ದಳಂತೆ.

"ಕತ್ತಲಲ್ಲಿ ನೀವು ಅಂಗಡಿಯಿಂದ ಬರೋವರೆಗೂ ನಾನು ಬಾಗಿಲಲ್ಲೇ ನಿಂತಿರ್ತೀನಿ ರೀ. ಇನ್ನು ಸಾಕು ಅನ್ನಿಸ್ತು."

ಎರಡು ವರ್ಷ ಆ ಬೈಕನ್ನು ಕಾಪಾಡಿದ್ದು ಜಾರುವ ಕ್ಲಚ್ಚು. ಅದನ್ನು ತಾನೇ ಕೈಯಾರೆ, ಭೂತಗನ್ನಡಿ ಹಾಕಿಕೊಂಡು, ಬಿಳಿ ಬಟ್ಟೆ ಹಾಸಿ ಸರಿಮಾಡಿದ್ದ. ಗಡಿಯಾರದಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಈ ಮಾತು ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ರಿಪೇರಿ ಮಾಡ್ತಿದ್ರಾ?" ಎಂದಳು ಅವಳು. ಅವಳ ಕಣ್ಣೂ ತುಂಬಿತ್ತು.

ಭಾವಮೈದುನ ಒಂದೇ ಒದೆತಕ್ಕೆ ಇಂಜಿನ್ನು ಎಬ್ಬಿಸಿ, ದಿಬ್ಬ ಇಳಿದು, ಕೆಳಗೆ ತಿರುಗಿಸಿಕೊಂಡು ಮತ್ತೆ ಹತ್ತತೊಡಗಿದ. ಗಡಿಯಾರದಣ್ಣ ಗೇಟು ಹಿಡಿದು, ಎಲ್ಲಾದರೂ ಒಂದೇ ಒಂದು ಸಲ ಜಾರೀತೇನೋ ಎಂದು ಕಿವಿಗೊಟ್ಟು ನಿಂತ. ಅವನ ಕೆಲಸ ಅಚ್ಚುಕಟ್ಟು. ಕ್ಲಚ್ಚು ಎಲ್ಲಿಯೂ ಜಾರಲಿಲ್ಲ.